ಹನ್ನೆರಡು ಮೂಳೆಯ ಲೆಕ್ಕ

ಬುರುಲ್ಕಾನ್ ಎಜೆಗೆ ಹೆದರದ ಗಂಡಸು ನಮ್ಮ ಕಣಿವೆಯಲ್ಲಿ ಇಲ್ಲ. ಎಜೆ ಅಂದರೆ ಅಕ್ಕ. ಅವಳು ಡಾಕ್ಟರಲ್ಲ, ಡಾಕ್ಟರಿಗಿಂತ ಒಂದು ಮೆಟ್ಟಿಲು ಕೆಳಗಿನ ಓದು. ಆದರೆ ಡಾಕ್ಟರು ನಾಲ್ಕು ತಾಸಿನ ದಾರಿಯಾಚೆ ನಾರಿನ್ ಪಟ್ಟಣದಲ್ಲಿ ಕೂತಿರುವಾಗ ನಮಗೆ ಹುಟ್ಟಿಗೂ ಅವಳೇ, ಸಾವಿಗೂ ಅವಳೇ. ನಾನು ಮೈರಂಬೆಕ್, ಅವಳ ಜೀಪಿನ ಡ್ರೈವರ್. ಹದಿನಾಲ್ಕು ವರ್ಷ ಅವಳ ಬೈಗುಳ ತಿಂದು ಬೆಳೆದವನು. ಅವಳ ಕಥೆ ಹೇಳಿ ನನ್ನದನ್ನು ಮುಚ್ಚಿಟ್ಟರೆ ಅದು ಸುಳ್ಳಿನ ಕಥೆಯಾಗುತ್ತದೆ. ಹಾಳಾಗಿ ಹೋಗಲಿ, ಎರಡನ್ನೂ ಹೇಳಿಬಿಡುತ್ತೇನೆ.

ಹಿಂದೆ ದೊಡ್ಡ ರೋಗ ಬಂದಾಗ ನಮ್ಮೂರ ರೋಗಿಗಳ ಪಟ್ಟಿಯನ್ನು ಯಾರೋ ಪುಣ್ಯಾತ್ಮ ಫೋಟೋ ಹೊಡೆದ. ಮಧ್ಯಾಹ್ನದ ಹೊತ್ತಿಗೆ ಅದು ಎಲ್ಲರ ಫೋನಿನಲ್ಲೂ ಇತ್ತು. ಆ ಪಟ್ಟಿಯಲ್ಲಿದ್ದ, ನಮ್ಮೂರ ಜುರಾಕಾನಳ ಗಂಡನ ಹೆಣ ಹೊರಲು ನಾಲ್ಕು ಹೆಗಲು ಸಿಗಲಿಲ್ಲ. ಅಲ್ಲಿಂದಾಚೆ ಜ್ವರ ಬಂದರೆ ಜನ ಆಸ್ಪತ್ರೆಯ ಬಾಗಿಲು ತುಳಿಯುವುದನ್ನೇ ಬಿಟ್ಟರು.

ಎರಡು ವರ್ಷದ ಹಿಂದೆ ರಾಜಧಾನಿಯಿಂದ ಒಂದು ಯಂತ್ರ ಬಂತು. ಸ್ಲೇಟಿನಷ್ಟು ದೊಡ್ಡದು. ರೋಗ ಹಬ್ಬುವ ಮೊದಲೇ ವಾಸನೆ ಹಿಡಿಯುವ ಬುದ್ಧಿ ಅದಕ್ಕಿದೆ ಅಂದರು. ಊರವರು ಬೇಡವೇ ಬೇಡ ಅಂದರು. ಆಗ ಎಜೆ ಶಾಲೆಯ ಅಂಗಳದಲ್ಲಿ ಎಲ್ಲರನ್ನೂ ಸೇರಿಸಿ, ಒಂದು ರೊಟ್ಟಿಯನ್ನು ಹಣೆಗೊತ್ತಿಕೊಂಡಳು.

"ಇದು ನಮ್ಮ ಕಾಯಿಲೆ ನೋಡಿ ಇಲ್ಲೇ ಪಾಠ ಕಲಿಯುತ್ತೆ. ಊರಾಚೆ ಹೋಗೋದು ಕಲಿತ ಪಾಠ ಮಾತ್ರ. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂತ ಹೇಳುತ್ತೆ, ಯಾರ ಮನೆ ಸಾರು ಅಂತ ಹೇಳಲ್ಲ. ನನ್ನಿಂದ ಒಂದೇ ಒಂದು ಹೆಸರು ಊರು ದಾಟಿದ್ರೆ ಈ ರೊಟ್ಟಿ ನನ್ನ ಕಣ್ಣು ಕೀಳಲಿ!"

ರೊಟ್ಟಿಯ ಮೇಲೆ ಆಣೆಯಿಟ್ಟ ಮೇಲೆ ಮುಗಿಯಿತು. ಮುದುಕ ಕಸಿಮಾಲಿ ಗಡ್ಡ ನೀವಿಕೊಂಡು, "ಹಂಗಾದ್ರೆ ಇದು ಹೊಸ ಸೊಸೆ ಕಣಮ್ಮ. ಎಲ್ಲಾ ಕೇಳಿಸ್ಕೊಳ್ತಾಳೆ, ಬಾಯಿ ಬಿಡಲ್ಲ" ಅಂದ. ಜನ ನಕ್ಕರು. ಅಂದಿನಿಂದ ಆ ಯಂತ್ರಕ್ಕೆ 'ಸೊಸೆ' ಅಂತಲೇ ಹೆಸರು. ಮತ್ತೆ ಜನ ಬರತೊಡಗಿದರು.

ಹೋದ ಅಕ್ಟೋಬರಿನ ಒಂದು ಶನಿವಾರ ನಾನು ಬೀಗರ ಮನೆಗೆ ಊಟಕ್ಕೆ ಹೋಗಿದ್ದೆ. ನನ್ನ ಒಬ್ಬಳೇ ಮಗಳನ್ನು ಎಂಟು ತಿಂಗಳ ಹಿಂದೆ ಮೇಲಿನ ಹಳ್ಳಿಯ ಸಪರಾಲಿಯ ಮನೆಗೆ ಕೊಟ್ಟಿದ್ದೆ. ಅವನ ಒಂದು ಕುರಿ ಬೆಳಿಗ್ಗೆಯಿಂದ ಮಂಕಾಗಿ ನಿಂತಿತ್ತಂತೆ. ತಾನಾಗಿ ಸತ್ತರೆ ಹರಾಮು, ಜೀವವಿರುವಾಗಲೇ ಕೊಯ್ದರೆ ಹಲಾಲು. ಸಪರಾಲಿ ಕಸಿಮಾಲಿಯನ್ನು ಕರೆಸಿ ಕೊಯ್ಯಿಸಿದ. ಕೊಯ್ದದ್ದು ಹಾಳಾಗಬಾರದೆಂದು ನೆಂಟರನ್ನೂ ಕರೆದ. ನಮ್ಮಲ್ಲಿ ಹಾಗೆಯೇ ಮಾಡುತ್ತಾರೆ, ನಾನೂ ಮಾಡಿದ್ದೇನೆ.

ನಾನು ಜೀಪಿನಿಂದ ಇಳಿಯುವಾಗ ಮಗಳು ನೆಂಟರ ಮನೆಯ ಮೂವರು ಸೊಸೆಯಂದಿರ ಜೊತೆ ಕಾಲುವೆಯ ಬದಿಯಲ್ಲಿ ಕೂತು ಬೋಗುಣಿಯಲ್ಲಿ ಕರುಳು ತೊಳೆಯುತ್ತಿದ್ದಳು. ತೋಳು ಮೊಣಕೈವರೆಗೆ ಕೆಂಪಗಾಗಿತ್ತು.

"ಕೈ ಮರಗಟ್ಟಿದೆ ಅಪ್ಪಾ" ಅಂದಳು.

"ಮದುವೆಯಾಗಿ ಇನ್ನೂ ಎಂಟು ತಿಂಗಳು, ಆಗಲೇ ದೂರು ಶುರುವಾಯ್ತಾ?" ಅಂತ ರೇಗಿಸಿದೆ. ಅವಳು ನಕ್ಕು ತಲೆ ತಗ್ಗಿಸಿದಳು. ನಾನು ಒಳಗೆ ಹೋಗಿ ಬೀಗನ ಜಾಗದಲ್ಲಿ ಕೂತೆ.

ಬುಧವಾರ ಬೆಳಿಗ್ಗೆ ಎಜೆಯ ಯಂತ್ರ ಕೆಂಪಾಯಿತು. ಆಸ್ಪತ್ರೆಗೆ ಬಂದುಹೋದವರಲ್ಲಿ ಮೂರು ಹಳ್ಳಿಯ ಐವರಿಗೆ ಜ್ವರ. ಒಂದೇ ಬಗೆಯದು, ತಾನು ಈವರೆಗೆ ಕಂಡಿರದ್ದು, ಎಲ್ಲದರ ಮೂಲವೂ ಒಂದೇ ಇರಬೇಕು, ಅದೂ ಶನಿವಾರದ ಸುಮಾರಿನದು, ಲೆಕ್ಕಕ್ಕೆ ಬಾರದವರು ಇನ್ನೂ ಇದ್ದಾರೆ ಎಂದು ಅದು ಹೇಳಿತು. ಐದೇ ನಿಮಿಷದಲ್ಲಿ ರಾಜಧಾನಿಯ ಡಾಕ್ಟರ ಫೋನು.

"ಹೆಸರು ಕೊಡಿ ಎಜೆ. ನಮ್ಮವರು ಬಂದು ಒಂದೇ ದಿನದಲ್ಲಿ ಮುಗಿಸ್ತಾರೆ."

"ಹೆಸರು ಕೊಟ್ರೆ ಈ ಐವರು ಸಿಗ್ತಾರೆ. ಆರನೆಯವನು ಹಾಸಿಗೆ ಅಡಿಗೆ ಹೋಗಿ ಅವಿತ್ಕೊಳ್ತಾನೆ. ಅವನನ್ನ ನೀನು ಬಂದು ಎಳೀತೀಯಾ?"

"ಹಾಗಾದ್ರೆ ಮೂಲ ನೀವೇ ಹುಡುಕಿ. ಭಾನುವಾರ ದನದ ಸಂತೆ ಇದೆ. ನಾಲ್ಕು ಸೀಮೆಯ ಜನ, ಗಡಿಯಾಚೆಯ ಲಾರಿಗಳು. ಅಲ್ಲಿಗೆ ಹೋಯ್ತೋ, ಆಮೇಲೆ ಯಾರ ಕೈಗೂ ಸಿಗಲ್ಲ."

ಎಜೆ ಫೋನಿಟ್ಟು ನನ್ನ ಕಡೆ ತಿರುಗಿ, "ಗಾಡಿ ತೆಗಿ" ಅಂದಳು. ಮಂಕು ಕುರಿ ನನಗೆ ನೆನಪಿತ್ತು. ಆದರೆ ಹೇಳಿದರೆ ಬೀಗರ ಇನ್ನೂರು ಕುರಿಗಳನ್ನೂ ಕೊಂದು ಹೂಳುತ್ತಾರೆ. ಆಮೇಲೆ ಅತ್ತೆ ಮನೆಯಲ್ಲಿ ದಿನವೂ 'ನಿಮ್ಮಪ್ಪ ಮಾಡಿದ ಕೆಲಸ' ಅನ್ನಿಸಿಕೊಳ್ಳುವವಳು ನನ್ನ ಮಗಳು. ಮಗಳ ಬಾಳು ಅಂತ ಬಾಯಿಗೆ ಬೀಗ ಹಾಕಿಕೊಂಡೆ. ಎಂಥ ದಡ್ಡ ನಾನು!

ಕಸಿಮಾಲಿ ಮೂರು ಕಂಬಳಿ ಹೊದ್ದು ನಡುಗುತ್ತಿದ್ದ.

"ಶನಿವಾರ ಎಲ್ಲಿದ್ದೆ ಅಜ್ಜ?"

"ಮನೇಲಿ. ಇನ್ನೆಲ್ಲಿ?"

ಸಪರಾಲಿಯ ಕುರಿಗಳನ್ನು ಕೊಲ್ಲುತ್ತಾರೆಂಬ ಭಯ ಅವನಿಗೂ ಇತ್ತು. ಎಜೆ ನಿಟ್ಟುಸಿರು ಬಿಟ್ಟು, "ಹೌದು ಬಿಡು, ಈಗ ನಿನ್ನನ್ನ ಯಾರು ಊಟಕ್ಕೆ ಕರೀತಾರೆ. ಕರೆದ್ರೂ ಕತ್ತಿನ ಮೂಳೆ ಎಸೀತಾರೆ ಅಷ್ಟೆ" ಅಂದಳು.

ಮುದುಕ ಕಂಬಳಿ ಒದ್ದು ಎದ್ದು ಕೂತ. "ಏನಂದೆ? ಸೊಂಟದ ಮೂಳೆ ಇಟ್ರು ನನ್ನ ಮುಂದೆ! ಮೊನ್ನೆ ಶನಿವಾರನೇ! ಬಲಗಡೇದು!"

ಎಜೆಯ ಕಣ್ಣು ಹೊಳೆಯಿತು. ನಮ್ಮಲ್ಲಿ ಕುರಿಗೆ ದೊಡ್ಡ ಮೂಳೆ ಹನ್ನೆರಡು. ಯಾವುದು ಹಿರಿಯನಿಗೆ, ಯಾವುದು ಬೀಗನಿಗೆ, ಯಾವುದು ಅಳಿಯನಿಗೆ ಎಂಬುದು ಹುಟ್ಟಿದಾಗಿನಿಂದ ಎಲ್ಲರಿಗೂ ಗೊತ್ತು. ಊಟಕ್ಕೆ ಹೋದದ್ದನ್ನು ಮುಚ್ಚಿಡುವವನೂ ತನಗೆ ಸಿಕ್ಕ ಮೂಳೆಯನ್ನು ಮುಚ್ಚಿಡಲಾರ. ಎಜೆ ತನ್ನ ಹರಕು ಪುಸ್ತಕದಲ್ಲಿ ಒಂದು ಕುರಿಯ ಚಿತ್ರ ಬರೆದಳು. ಎರಡು ದಿನ ಮೂರು ಹಳ್ಳಿ ಸುತ್ತಿದೆವು. ಅವಳು ಯಾರ ಹೆಸರನ್ನೂ ಕೇಳಲಿಲ್ಲ, ಊಟದ ಮನೆ ಯಾವುದೆಂದೂ ಕೇಳಲಿಲ್ಲ. ಕೇಳಿದ್ದರೆ ಬಾಗಿಲು ಮುಚ್ಚುತ್ತಿದ್ದರು. ಮೂಳೆಯನ್ನು ಮಾತ್ರ ಕೆಣಕುತ್ತಿದ್ದಳು. ಸಿಕ್ಕವರಿಗೆ ಸೂಜಿ, ಮಾತ್ರೆ, ಮನೆ ಬಿಟ್ಟು ಕದಲಬಾರದೆಂಬ ಬೆದರಿಕೆ. ಗುರುವಾರ ಸಂಜೆಗೆ ಚಿತ್ರದಲ್ಲಿ ಹನ್ನೊಂದು ಮೂಳೆ ತುಂಬಿದವು.

ಜೀಪಿನಲ್ಲಿ ಅವಳು ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡಳು. ಆಮೇಲೆ ಮೆಲ್ಲಗೆ, "ಎಡಗಡೆ ಸೊಂಟದ್ದು ಒಂದು ಉಳೀತು. ಅದು ಬೀಗನಿಗೆ ಹೋಗೋದು. ಮೈರಂಬೆಕ್, ಅದನ್ನ ತಿಂದವನು ಯಾರೋ?" ಅಂದಳು.

ನಾನು ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿದೆ. "ನಾನೇ ಎಜೆ. ಸಪರಾಲಿ ಮನೇಲಿ."

"ಕತ್ತೆ! ಎರಡು ದಿನ ನನ್ನ ಪಕ್ಕದಲ್ಲೇ ಕೂತಿದ್ದೆಯಲ್ಲೋ, ಬಾಯಲ್ಲಿ ಏನು ಕಡುಬು ಇಟ್ಕೊಂಡಿದ್ಯಾ?" ಎಂದು ಪುಸ್ತಕದಿಂದ ತಲೆಗೆ ಹೊಡೆದಳು. ಮತ್ತೆ ಹೊಡೆಯಲು ಎತ್ತಿದ ಕೈ ಕೆಳಗಿಳಿಸಿ, "ಮಗಳ ಮನೆ ಅಂತ ತಾನೆ?" ಅಂದಳು. ನನಗೂ ಒಂದು ಸೂಜಿ ಚುಚ್ಚಿದಳು.

ನೇರವಾಗಿ ಸಪರಾಲಿಯ ಮನೆಗೆ ಹೋದೆವು. ಅವನಿಗೂ ಅವನ ಹೆಂಡತಿಗೂ ಜ್ವರವಿರಲಿಲ್ಲ. ಎಜೆ, "ಸೊಸೆ ಎಲ್ಲಿ?" ಅಂತ ಕೇಳಿದಳು.

ಬೀಗತಿ ನನ್ನನ್ನು ನೋಡಿ ತಲೆವಸ್ತ್ರದ ಮರೆಯಲ್ಲಿ ನಕ್ಕಳು. "ಮಲಗಿದಾಳೆ. ಎರಡು ದಿನದಿಂದ ವಾಂತಿ, ಸುಸ್ತು. ಸಿಹಿಸುದ್ದಿ ಅಂತ ಕಾಣುತ್ತೆ ಬೀಗರೇ. ಈಗಲೇ ಯಾರ ಕಣ್ಣೂ ಬೀಳೋದು ಬೇಡ ಎಜೆ, ಮೂರು ತಿಂಗಳಾಗಲಿ, ಆಮೇಲೆ ನೀವೇ ನೋಡುವಿರಂತೆ."

ಅಯ್ಯೋ, ನನಗಾದ ಸಂತೋಷ! ಬೀಗರ ಮನೆಯ ಒಳಕೋಣೆಗೆ ನಾನು ಕಾಲಿಡುವಂತಿಲ್ಲ. ಬಾಗಿಲ ಕಡೆ ನೋಡಿ ಮನಸ್ಸಿನಲ್ಲೇ ಹರಸಿದೆ. ಎಜೆ ಪುಸ್ತಕ ತೆರೆದು ನೋಡಿದಳು, ಹನ್ನೆರಡಕ್ಕೆ ಹನ್ನೆರಡೂ ತುಂಬಿತ್ತು. ಯಂತ್ರವೂ ಕೆಂಪಿನಿಂದ ಹಳದಿಗೆ ಇಳಿದಿತ್ತು. ನಾವು ಅವರ ಚಹಾ ಕುಡಿದು ಹೊರಟುಬಂದೆವು.

ಶುಕ್ರವಾರ ಬೆಳಿಗ್ಗೆ ನಾನು ಜೀಪಿಗೆ ನೀರು ಹಾಕುತ್ತಿದ್ದೆ. ಎಜೆ ಆಸ್ಪತ್ರೆಯ ಹಿತ್ತಲಲ್ಲಿ ಬೋಗುಣಿ ತೊಳೆಯುತ್ತಿದ್ದಳು. ಇದ್ದಕ್ಕಿದ್ದಂತೆ ಬೋಗುಣಿ ಬಿದ್ದ ಸದ್ದಾಯಿತು.

"ಮೈರಂಬೆಕ್! ಕರುಳು ಯಾರು ತೊಳೆದ್ರು?"

ನಾನು ನೀರಿನ ಡಬ್ಬಿ ಅಲ್ಲೇ ಬಿಟ್ಟು ಓಡಿದೆ. ಅವಳು ಆಗಲೇ ಜೀಪು ಹತ್ತಿದ್ದಳು. ದಾರಿಯುದ್ದಕ್ಕೂ ತಲೆ ಚಚ್ಚಿಕೊಂಡಳು. "ನಾನೂ ತೊಳೆದವಳೇ ಕಣೋ. ಇಪ್ಪತ್ತು ವರ್ಷ ತೊಳೆದಿದ್ದೀನಿ. ಸೊಸೆಗೆ ಯಾವತ್ತು ಮೂಳೆ ಕೊಟ್ಟಿದ್ದಾರೆ? ಅಡುಗೆಮನೇಲಿ ಉಳಿದಿದ್ದನ್ನ ತಿಂತಾಳೆ. ಮೂಳೆ ಲೆಕ್ಕ ಹಾಕ್ತಾ ಕೂತ್ನಲ್ಲ, ನನಗೇ ಹೊಳೀಲಿಲ್ಲವಲ್ಲ!"

ಈ ಸಲ ನಾನು ಒಳಕೋಣೆಗೆ ನುಗ್ಗಿದೆ. ಮಗಳ ಕಣ್ಣು ಕೆಂಡದಂತಿತ್ತು, ಒಸಡಿನಲ್ಲಿ ರಕ್ತ. ಬೀಗತಿ ಗೋಡೆಗೆ ಒರಗಿ, "ಬಸುರಿ ಅಂದ್ಕೊಂಡೆ, ದೇವರಾಣೆ ಬಸುರಿ ಅಂದ್ಕೊಂಡೆ" ಅಂತ ಒಂದೇ ಮಾತು ಹೇಳುತ್ತಿದ್ದಳು. ಅವಳ ಮೇಲೆ ಕೂಗಾಡಲು ನನಗೆ ಯಾವ ಬಾಯಿತ್ತು? ನಾನು ಬುಧವಾರವೇ ಹೇಳಿದ್ದರೆ ಎಜೆ ಆ ದಿನವೇ ಈ ಕೋಣೆಗೆ ಬಂದಿರುತ್ತಿದ್ದಳು.

ನಾರಿನ್ ಪಟ್ಟಣದ ಆಸ್ಪತ್ರೆಗೆ ಹೊರಟೆವು, ಕಣಿವೆಯಿಂದ ಏರುವ ದಾರಿ. ಎಜೆ ಹಿಂದಿನ ಸೀಟಿನಲ್ಲಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸಲೈನ್ ಬಾಟಲಿ ಎತ್ತಿ ಹಿಡಿದಿದ್ದಳು. ನಾನು ಆ ಗಾಡಿಯನ್ನು ಹಾಗೆ ಎಂದೂ ಓಡಿಸಿರಲಿಲ್ಲ.

"ಅಪ್ಪಾ."

"ಹೇಳು ಕಂದಾ."

"ಕೈ ಮರಗಟ್ಟಿದೆ. ಈಗ ದೂರಿದ್ರೆ ರೇಗಿಸಲ್ಲ ತಾನೆ?"

"ಇಲ್ಲ ಕಂದಾ. ದೂರು. ಎಷ್ಟು ಬೇಕಾದ್ರೂ ದೂರು, ಮಾತಾಡ್ತಾ ಇರು."

ಅವಳು ಮತ್ತೆ ಮಾತಾಡಲಿಲ್ಲ. ಪಟ್ಟಣದ ಮನೆಗಳು ಕಾಣಿಸುವಷ್ಟರಲ್ಲಿ ಎಜೆ ಬಾಟಲಿ ಕೆಳಗಿಟ್ಟು, "ನಿಲ್ಲಿಸು ಮೈರಂಬೆಕ್. ಇನ್ನು ಅವಸರ ಇಲ್ಲ" ಅಂದಳು.

ರಸ್ತೆಯ ಬದಿಯಲ್ಲಿ ನಾನು ಮಣ್ಣಿನ ಮೇಲೆ ಬಿದ್ದು ಅತ್ತೆ. ಎಷ್ಟೋ ಹೊತ್ತಾದ ಮೇಲೆ ನೋಡಿದರೆ ಎಜೆ ಯಂತ್ರ ತೆರೆದಿದ್ದಳು. ಕಣ್ಣೀರು ಅದರ ಮೇಲೆ ತೊಟ್ಟಿಕ್ಕುತ್ತಿತ್ತು. ಒರೆಸಿ ಒರೆಸಿ ಬರೆಯುತ್ತಿದ್ದಳು: ಹೆಂಗಸು, ಇಪ್ಪತ್ತೊಂದು ವರ್ಷ, ಹಸಿ ಕರುಳು ತೊಳೆದವಳು.

"ಹೆಸರು ಹಾಕು ಎಜೆ. ಅವಳ ಹೆಸರು ಹಾಕು. ನಾನು ಅಪ್ಪ, ನಾನು ಹೇಳ್ತಿದ್ದೀನಿ."

ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. "ಹೆಸರಿಗೆ ಇದರಲ್ಲಿ ಜಾಗ ಇಲ್ಲ ಕಣೋ. ಇದ್ದಿದ್ರೆ ಆ ಐದು ಜನಾನೂ ಬರ್ತಿರಲಿಲ್ಲ."

ನನ್ನ ಮಗಳ ಜೊತೆ ಮೂವರು ಸೊಸೆಯಂದಿರು ಆ ಕಾಲುವೆಯ ಬದಿ ಕೂತಿದ್ದರು. ಅಂದೇ ಸಂಜೆ ಎಜೆ ಅವರನ್ನು ಹುಡುಕಿ ಹಿಡಿದಳು. ಮೂವರೂ ಬದುಕಿದರು, ಕಸಿಮಾಲಿಯೂ ಬದುಕಿದ. ಜ್ವರ ಸಂತೆ ಮುಟ್ಟಲಿಲ್ಲ. ಸಪರಾಲಿಯ ಕುರಿಗಳನ್ನು ಹೂಳಿದರು. ರಾಜಧಾನಿಯ ಡಾಕ್ಟರು ಹೊಗಳಲು ಫೋನು ಮಾಡಿದರು. ಎಜೆ ಅರ್ಧಕ್ಕೇ ಕತ್ತರಿಸಿದಳು. ಈಗ ಯಾವ ಮನೆಗೆ ಹೋದರೂ ಯಜಮಾನನ ಕಡೆ ತಿರುಗಿಯೂ ನೋಡದೆ ಮೊದಲು ಅಡುಗೆಮನೆಗೆ ಹೋಗುತ್ತಾಳೆ. ನನ್ನ ಮೇಲೆ ಕೂಗುವುದು ಕಡಿಮೆಯಾಗಿದೆ. ಕೂಗಿದರೆ ವಾಸಿ ಅನಿಸುತ್ತದೆ.

ವಸಂತದಲ್ಲಿ ಸಂತೆಗೆ ಹೋದಾಗ ಬೆಟ್ಟದಾಚೆಯ ಆಸ್ಪತ್ರೆಯ ಡ್ರೈವರೊಬ್ಬ ಪಕ್ಕದಲ್ಲಿ ಕೂತು ಹರಟುತ್ತಿದ್ದ.

"ನಮ್ಮಲ್ಲೂ ನಿಮ್ಮ ಹಾಗೇ ಒಂದು ಯಂತ್ರ ಇದೆಯಪ್ಪ. ಚಳಿಗಾಲದಿಂದ ಅದಕ್ಕೆ ಹೊಸ ಚಾಳಿ ಬಂದಿದೆ. ಜ್ವರ ಅಂದ್ರೆ ಸಾಕು, 'ಕರುಳು ತೊಳೆದವರು ಯಾರು?' ಅಂತ ಮೊದಲನೇ ಪ್ರಶ್ನೆ. ಗಂಡಸರು ನಗ್ತಾರೆ. ಆದ್ರೆ ಹೋದ ತಿಂಗಳು ಅದರಿಂದಲೇ ಇಬ್ಬರು ಹುಡುಗಿಯರು ಉಳಿದ್ರು. ಇಂಥ ಪ್ರಶ್ನೆ ಅದಕ್ಕೆ ಯಾರು ಕಲಿಸಿದ್ರೋ ಏನೋ."

"ನನ್ನ ಮಗಳು" ಅಂದೆ. "ಐಜಾರ್ಕಿನ್ ಅಂತ ಅವಳ ಹೆಸರು."