ಸುಳ್ಯಕ್ಕೆ ನಾಲ್ಕು ಕಾದಂಬರಿ ಹೊತ್ತು

ಪುತ್ತೂರಿನಲ್ಲಿ ಸುಳ್ಯದ ಸರಕಾರಿ ಬಸ್ಸು ಹತ್ತುವಾಗ ನನ್ನ ಚೀಲದಲ್ಲಿ ನಾಲ್ಕು ಕಾದಂಬರಿಗಳಿದ್ದವು. ಸುಳ್ಯದ ಓದುಗರ ಕೂಟದವರು ತರಲು ಹೇಳಿದ್ದು ಒಂದನ್ನು ಮಾತ್ರ. ಉಳಿದ ಮೂರನ್ನು ನಾನೇ ತುಂಬಿಸಿಕೊಂಡಿದ್ದೆ. ನವೆಂಬರಿನ ಭಾನುವಾರ. ಮಳೆ ಬಿಟ್ಟು ಹೋಗಿತ್ತು, ಸೆಕೆ ಮಾತ್ರ ಉಳಿದಿತ್ತು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾದ್ದರಿಂದ ಬಸ್ಸು ತುಂಬ ನಾವೇ ಇದ್ದೆವು.

ನನ್ನ ಮನೆ ಕಬಕದಲ್ಲಿ, ಮೆಡಿಕಲ್ ಶಾಪು ಪುತ್ತೂರು ಪೇಟೆಯಲ್ಲಿ. ಫಾರ್ಮಸಿ ಓದಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚಾಯಿತು ಅಂಗಡಿಯಲ್ಲಿ ಕೂತು. ಗಿರಾಕಿಗಳ ನಡುವೆ ಸಿಗುವ ಬಿಡುವಿನಲ್ಲಿ ಕಾದಂಬರಿ ಓದುತ್ತೇನೆ. ಒಳ್ಳೆಯದು, ಕೆಟ್ಟದ್ದು, ಪ್ರಶಸ್ತಿ ಬಂದದ್ದು, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದು, ಎಲ್ಲವನ್ನೂ.

ಕೂಟದ ಸಂಚಾಲಕರಾದ ಶ್ರೀಧರ ಮಾಸ್ತರರು ಹದಿನೈದು ದಿನದ ಹಿಂದೆ ಫೋನ್ ಮಾಡಿ, "ನಫೀಸಕ್ಕ, ಈ ಸಲ ವಿಷಯ 'ಇತ್ತೀಚೆಗೆ ನಾನು ಓದಿದ ಕಾದಂಬರಿಗಳು' ಅಂತ. ನೀವು ಬರಲೇಬೇಕು" ಎಂದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ವೇದಿಕೆಯಲ್ಲಿ ನಿಂತು ಓದಿನ ಬಗ್ಗೆ ಮಾತಾಡು ಎಂದು ಅಲ್ಲಿಯವರೆಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಎರಡು ದಿನ ಬಿಟ್ಟು ಅವರದ್ದೇ ಇನ್ನೊಂದು ಫೋನ್ ಬಂತು.

"ಅಕ್ಕ, ಹೊಸ ಕಾದಂಬರಿ ಒಂದು ಬಂದಿದೆಯಲ್ಲ, ಬ್ಯಾರಿ ಮನೆಯ ಹೆಂಗಸಿನ ಕತೆ. ನೀವು ಅದೊಂದರ ಬಗ್ಗೆಯೇ ಹೇಳಿದರೆ ಒಳ್ಳೆದಿತ್ತು. ಲೇಖಕರೂ ಬರ್ತಾರೆ. ನಿಮ್ಮವರದ್ದೇ ಕತೆ ಅಲ್ವಾ? ನಿಮ್ಮ ಬಾಯಲ್ಲಿ ಬಂದರೆ ಅದಕ್ಕೊಂದು ತೂಕ."

"ಉಳಿದವರು ಯಾವುದರ ಬಗ್ಗೆ ಹೇಳುದು?"

"ಅವರು ಅವರಿಗೆ ಇಷ್ಟವಾದದ್ದು ಹೇಳ್ತಾರೆ."

ಆ ಮಾತು ಮುಳ್ಳಿನ ಹಾಗೆ ಒಳಗೆ ಕೂತಿತು. ಮಾಸ್ತರರು ಕೆಟ್ಟವರಲ್ಲ. ಅವರ ದನಿಯಲ್ಲಿ ಪ್ರೀತಿಯೇ ಇತ್ತು, ಅದರಿಂದಾಗಿಯೇ ಬರ್ತೇನೆ ಎಂದಷ್ಟೇ ಹೇಳಿ ಫೋನ್ ಇಟ್ಟೆ. ಮನೆಯಲ್ಲಿ ಹೇಳಿದಾಗ ನನ್ನ ಗಂಡ ಹಮೀದ್, "ಎರಡು ಒಳ್ಳೆ ಮಾತು ಹೇಳು, ಶಾಲು ಹಾಕಿಸಿಕೊಂಡು ಬಾ. ಎಂತಕ್ಕೆ ತಕರಾರು?" ಎಂದರು. ನಾನು ಚೀಲಕ್ಕೆ ನಾಲ್ಕನ್ನೂ ಹಾಕಿದೆ.

ಕುಂಬ್ರ ದಾಟುವಷ್ಟರಲ್ಲಿ ಒಂದನ್ನು ತೆರೆದು, ಗುರುತು ಮಾಡಿಟ್ಟ ಪುಟಗಳನ್ನು ಮತ್ತೆ ಓದತೊಡಗಿದೆ. ಪಕ್ಕದಲ್ಲಿ ಕೂತ ಹೆಂಗಸು ಹರಿವೆ ಸೊಪ್ಪಿನ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ತುಂಬ ಹೊತ್ತು ನನ್ನನ್ನೇ ನೋಡಿದರು.

"ಪರೀಕ್ಷೆ ಉಂಟಾ?"

"ಇಲ್ಲ, ಕೊಲೆ ಉಂಟು" ಎಂದೆ.

ಅವರು ಒಂದು ಕ್ಷಣ ದೂರ ಸರಿದರು. ಆಮೇಲೆ ಹತ್ತಿರ ಬಂದು, "ಯಾರನ್ನು ಮಾರಾಯ್ತಿ?" ಎಂದು ಕೇಳಿದರು. ಕಾವು ಸ್ಟಾಪಿನಿಂದ ಜಾಲ್ಸೂರಿನವರೆಗೆ ಅವರಿಗೆ ಕತೆ ಹೇಳಿದೆ. ಗುಡ್ಡದ ಮೇಲಿನ ಬಂಗಲೆಯಲ್ಲಿ ಕಾಫಿ ತೋಟದ ಯಜಮಾನ ಸತ್ತು ಬಿದ್ದಿರುತ್ತಾನೆ. ಬಂಗಲೆಯಲ್ಲಿ ಆ ದಿನ ಇದ್ದವರು ಒಂಬತ್ತು ಮಂದಿ. ಆ ಹೆಂಗಸು ಇಳಿಯುವ ಜಾಗ ಬಂದಾಗ ತನಿಖೆ ಅರ್ಧಕ್ಕೆ ನಿಂತಿತ್ತು. "ಹೆಂಡತಿಯೇ ಇರಬೇಕು" ಎಂದು ಹೇಳಿ ಇಳಿದು ಹೋದರು.

ಸುಳ್ಯ ತಲುಪಿದಾಗ ಹತ್ತು ಗಂಟೆ ದಾಟಿತ್ತು. ಸಭೆ ಮುಖ್ಯ ರಸ್ತೆಯ ಕಟ್ಟಡವೊಂದರ ಮಾಳಿಗೆಯಲ್ಲಿ. ಮೆಟ್ಟಿಲ ಬುಡದಲ್ಲಿ ಸಜ್ಜಿಗೆ, ಅವಲಕ್ಕಿ, ಚಹಾ ಇಟ್ಟಿದ್ದರು. ಅಲ್ಲೇ ಏಲಿಯಮ್ಮ ಚೇಚಿ ಕಾದು ನಿಂತಿದ್ದರು. ಮಲಯಾಳದಲ್ಲಿ ಚೇಚಿ ಎಂದರೆ ಅಕ್ಕ. ಕಡಬದ ಹತ್ತಿರ ಅವರ ರಬ್ಬರು ತೋಟ. ಅವರ ಅಪ್ಪ ಕೇರಳದಿಂದ ಬಂದು ಕಾಡು ಕಡಿದು ನೆಟ್ಟದ್ದಂತೆ. ವರ್ಷಗಳ ಹಿಂದೆ ಉಪ್ಪಿನಂಗಡಿ ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಇಬ್ಬರೂ ಕಾದಂಬರಿ ಓದುತ್ತಿದ್ದೆವು. ಇಬ್ಬರೂ ಇಳಿಯಬೇಕಾದಲ್ಲಿ ಇಳಿಯದೆ ಮುಂದೆ ಹೋದೆವು. ಸ್ನೇಹ ಶುರುವಾದದ್ದು ಹಾಗೆ. ಅವರು ಮಲಯಾಳದಲ್ಲಿ ಸರಾಗವಾಗಿ ಓದುತ್ತಾರೆ, ಕನ್ನಡದಲ್ಲಿ ನಿಧಾನವಾಗಿ.

"ಎಂತ ಮೋಳೇ, ಮುಖ ಬಿಗಿದುಕೊಂಡಿದ್ದೀ?" ಎಂದರು. ಮೋಳೇ ಎಂದರೆ ಮಗಳೇ.

"ಇವತ್ತು ಸ್ವಲ್ಪ ಜಗಳ ಉಂಟು ಚೇಚಿ."

"ಹಾಗಾದರೆ ಅವಲಕ್ಕಿ ತಿಂದು ಹೋಗು."

ಮೇಲೆ ಐವತ್ತರಷ್ಟು ಜನ ಇದ್ದರು. ಮುಂದಿನ ಸಾಲಿನ ನಡುವೆ ಲೇಖಕರು ಕೂತಿದ್ದರು: ಅರುವತ್ತರ ಹತ್ತಿರದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಸೌಮ್ಯ ಮುಖ. ನನಗಿಂತ ಮೊದಲು ಮಾತಾಡಿದ ಬ್ಯಾಂಕಿನವರು ಮೂರು ಕಾದಂಬರಿಗಳ ಬಗ್ಗೆ ಹೇಳಿದರು. ಕಾಲೇಜಿನ ಉಪನ್ಯಾಸಕಿ ಐದರ ಬಗ್ಗೆ ಹೇಳಿದರು. ಮಾಸ್ತರರು ನನ್ನನ್ನು ಕರೆಯುತ್ತಾ, "ಈಗ ನಫೀಸಾ ಅವರು ತಮ್ಮದೇ ಬದುಕಿನ ಕನ್ನಡಿಯಂತಿರುವ ಕೃತಿಯ ಕುರಿತು ಮಾತನಾಡುತ್ತಾರೆ" ಎಂದರು.

ಮೈಕಿನ ಎದುರು ನಿಂತೆ. ನಾಲ್ಕೂ ಪುಸ್ತಕಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ.

"ನಾನು ಇತ್ತೀಚೆಗೆ ಓದಿ ಮುಗಿಸಿದ್ದು ನಾಲ್ಕು. ನಾಲ್ಕರ ಬಗ್ಗೆಯೂ ಹೇಳ್ತೇನೆ" ಎಂದೆ.

ಮೊದಲು ಕೊಲೆಯ ಕಾದಂಬರಿಯನ್ನು ಎತ್ತಿಕೊಂಡೆ. ಅದರಲ್ಲಿ ಯಜಮಾನನಿಗೆ ಹಾಕಿದ ನಿದ್ದೆ ಮದ್ದು ಲೋಟ ಕೆಳಗಿಡುವ ಮೊದಲೇ ಕೆಲಸ ಮಾಡುತ್ತದೆ. ಅಂಥ ಮದ್ದು ನನ್ನ ಅಂಗಡಿಯಲ್ಲಿ ಇಲ್ಲ, ಇದ್ದರೆ ಕೊಡುವುದೂ ಇಲ್ಲ ಎಂದಾಗ ಜನ ನಕ್ಕರು. ಆದರೆ ಆ ತಪ್ಪನ್ನು ಕ್ಷಮಿಸಿ ನಾನು ಅದನ್ನು ಒಂದೇ ದಿನದಲ್ಲಿ ಮುಗಿಸಿದ್ದಕ್ಕೆ ಕಾರಣ ಉಂಟು. ಒಂಬತ್ತು ಮಂದಿಯ ಮೇಲೂ ಸಮಾನ ಗುಮಾನಿ. ಪಾದ್ರಿ, ಡಾಕ್ಟರು, ಅಡುಗೆಯವ, ಅತಿಥಿಯಾಗಿ ಬಂದ ಸಾಬರು, ಯಾರನ್ನೂ ಹೆಸರು ನೋಡಿ ಮೊದಲೇ ಹಿಡಿಯುವುದಿಲ್ಲ, ಹೆಸರು ನೋಡಿ ಬಿಡುವುದೂ ಇಲ್ಲ. "ಇಷ್ಟು ನ್ಯಾಯ ನನಗೆ ದಿನಪತ್ರಿಕೆಯಲ್ಲಿ ಸಿಗುದಿಲ್ಲ" ಎಂದೆ. ಈ ಸಲ ನಗು ಬರಲಿಲ್ಲ.

ಎರಡನೆಯದು ಆಕಾಶದಾಚೆಗೆ ಹೊರಟ ಹಡಗಿನ ಕತೆ. ಹೊರಟವರ ಮೊಮ್ಮಕ್ಕಳ ಮೊಮ್ಮಕ್ಕಳು ಅದರಲ್ಲಿದ್ದಾರೆ, ಯಾರಿಗೂ ಮಳೆ ಅಂದರೆ ಏನೆಂದು ಗೊತ್ತಿಲ್ಲ. ಅಡುಗೆ ಮಾಡುವ ಮುದುಕಿಯೊಬ್ಬಳು ಅಜ್ಜಿಯ ಬಾಯಲ್ಲಿ ಕೇಳಿದ್ದನ್ನು ನೆನಪಿಟ್ಟುಕೊಂಡು, ಒದ್ದೆ ಮಣ್ಣಿನ ವಾಸನೆಯನ್ನು ಪಾತ್ರೆಯಲ್ಲಿ ಕುದಿಸಿ ತಯಾರಿಸಲು ಹೊರಡುತ್ತಾಳೆ. ನಾಲ್ಕು ತಿಂಗಳು ಬಟ್ಟೆ ಒಣಗದೆ ಮಳೆಗೆ ಬೈಯುವ ನಾನು ಆ ಪುಟದಲ್ಲಿ ಅತ್ತೆ. ಮೂರನೆಯದು ಪ್ರೇಮದ್ದು, ಅಗ್ಗದ ಕಾಗದದಲ್ಲಿ ಅಚ್ಚಾದದ್ದು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುತ್ತಾ ಕೂತ ಐವತ್ತರ ಗಂಡಸು, ಐವತ್ತರ ಹೆಂಗಸು. ಕೊನೆಗೆ ಯಾರೂ ಸಾಯುವುದಿಲ್ಲ. "ಪ್ರೀತಿಸಿದ ಹೆಂಗಸನ್ನು ಸಾಯಿಸದೆ ಕತೆ ಮುಗಿಸಿದ ಆ ಲೇಖಕರಿಗೆ ನನ್ನ ನಮಸ್ಕಾರ" ಎಂದೆ. ಹಿಂದಿನ ಸಾಲಿನ ಹೆಂಗಸರು ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಮಾಸ್ತರರು ಹತ್ತಿರ ಬಂದು ಮೆಲ್ಲಗೆ, "ಅಕ್ಕ, ಸಮಯ ಆಗ್ತಾ ಉಂಟು. ಆ ಕಾದಂಬರಿಗೆ ಬನ್ನಿ" ಎಂದರು.

"ಬಂದೆ" ಎಂದು ನಾಲ್ಕನೆಯದನ್ನು ಎತ್ತಿದೆ.

ಅದರಲ್ಲಿ ಚೆನ್ನಾಗಿರುವುದನ್ನು ಮೊದಲು ಹೇಳಿದೆ, ಯಾಕೆಂದರೆ ಅದು ನಿಜವಾಗಿಯೂ ಚೆನ್ನಾಗಿತ್ತು. ಗಲ್ಫಿನಲ್ಲಿರುವ ಗಂಡನ ಫೋನಿಗೆ ಆ ಹೆಂಗಸು ಕಾಯುವ ಅಧ್ಯಾಯ ಓದುವಾಗ ನಾನು ಅಂಗಡಿಗೆ ಬಂದ ಗಿರಾಕಿಯನ್ನೇ ಗಮನಿಸಿರಲಿಲ್ಲ. ಆಮೇಲೆ ಹೇಳಿದೆ: "ಇದು ಮುನ್ನೂರು ಪುಟ ಉಂಟು. ಮುನ್ನೂರು ಪುಟದಲ್ಲಿ ಈ ಹೆಂಗಸು ಒಮ್ಮೆಯೂ ನಗುವುದಿಲ್ಲ. ಯಾರಿಗೂ ತಮಾಷೆ ಮಾಡುವುದಿಲ್ಲ, ನೆರೆಮನೆಯವಳ ಬಗ್ಗೆ ಚಾಡಿ ಹೇಳುವುದಿಲ್ಲ, ಒಂದು ಪುಸ್ತಕ ಓದುವುದಿಲ್ಲ. ಕಿಟಕಿಯಲ್ಲಿ ಕೂತಿರುತ್ತಾಳೆ. ನನ್ನ ಉಮ್ಮ ಶಾಲೆಗೆ ಹೋದವರಲ್ಲ, ಆದರೆ ಅವರು ನಗಿಸಲು ಶುರು ಮಾಡಿದರೆ ನಾವು ಊಟದ ಬಟ್ಟಲು ಬಿಟ್ಟು ಏಳುತ್ತಿದ್ದೆವು. ಇದು ನನ್ನ ಬದುಕಿನ ಕನ್ನಡಿ ಅಂತ ಮಾಸ್ತರರು ಹೇಳಿದರು. ಈ ಕನ್ನಡಿಯಲ್ಲಿ ನನ್ನ ಮುಖ ಕಾಣುದಿಲ್ಲ."

ಲೇಖಕರು ಕೂತಲ್ಲಿಂದಲೇ ಹೇಳಿದರು: "ನಾನು ಕಲ್ಪಿಸಿ ಬರೆದದ್ದಲ್ಲಮ್ಮ. ನಮ್ಮ ನೆರೆಮನೆಯಲ್ಲಿ ಕಣ್ಣಾರೆ ನೋಡಿದ್ದು."

"ಎಲ್ಲಿಂದ ನೋಡಿದ್ದು ಸರ್?"

"ನಮ್ಮ ಜಗಲಿಯಿಂದ ಅವರ ಮನೆ ಕಾಣ್ತದೆ."

"ಒಳಗೆ ಹೋಗಿದ್ದೀರಾ?"

ಅವರು ಮಾಸ್ತರರ ಕಡೆ ನೋಡಿದರು. ಮಾಸ್ತರರು ಶಾಲು ಹಿಡಿದುಕೊಂಡು ಎದ್ದು ನಿಂತರು, ಅಂದರೆ ನನ್ನ ಮಾತು ಮುಗಿಯಿತು ಎಂದರ್ಥ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಅಜ್ಜ ಕೂಗಿದರು, "ಸ್ವಲ್ಪ ನಿಲ್ಲಿ ಮಾರಾಯ್ರೆ! ಆ ಯಜಮಾನನನ್ನು ಕೊಂದದ್ದು ಯಾರು ಅಂತ ಅವರು ಹೇಳಲೇ ಇಲ್ಲ!"

"ಹೇಳುದಿಲ್ಲ. ಪುಸ್ತಕ ಇಲ್ಲೇ ಬಿಟ್ಟು ಹೋಗ್ತೇನೆ, ಓದಿ" ಎಂದೆ.

ಎಲ್ಲರೂ ನಕ್ಕದ್ದರಿಂದ ಬಿಗಿ ಸ್ವಲ್ಪ ಸಡಿಲಾಯಿತು. ಮಾಸ್ತರರು ಶಾಲು ಹೊದೆಸುವಾಗ ನನ್ನ ಮುಖ ನೋಡಲಿಲ್ಲ. ಕೆಳಗೆ ಚಹಾ ಕುಡಿಯುವಾಗ ಲೇಖಕರು ತಾವಾಗಿಯೇ ಹತ್ತಿರ ಬಂದರು.

"ನೀವು ಹೇಳಿದ್ದು ನನಗೆ ಇಷ್ಟ ಆಗಲಿಲ್ಲ" ಎಂದರು.

"ಗೊತ್ತು ಸರ್. ಇಷ್ಟ ಆಗಲಿ ಅಂತ ಹೇಳಿದ್ದಲ್ಲ."

ಅವರು ಲೋಟ ಇಟ್ಟು ಹೋದರು. ಇನ್ನು ಈ ಕೂಟಕ್ಕೆ ನನ್ನನ್ನು ಕರೆಯುವುದಿಲ್ಲ ಎಂದು ಖಾತ್ರಿಯಾಗಿತ್ತು. ಕರೆಸಿಕೊಳ್ಳಲು ಎಷ್ಟು ವರ್ಷ ಆಸೆಪಟ್ಟಿದ್ದೆನೋ, ಅಷ್ಟು ಬೇಸರವೂ ಆಯಿತು. ಹೇಳಿದ್ದಕ್ಕೆ ಮಾತ್ರ ಬೇಸರವಾಗಲಿಲ್ಲ.

ಆ ದಿನ ಏಲಿಯಮ್ಮ ಚೇಚಿಯ ಮನೆಯಲ್ಲಿ ಉಳಿಯುವುದು ಎಂದು ಮೊದಲೇ ಮಾತಾಗಿತ್ತು. ಬೆಳ್ಳಾರೆ ಕಡೆಯಿಂದ ಬಸ್ಸು ಬದಲಿಸಿಕೊಂಡು ಕಡಬಕ್ಕೆ ಹೊರಟೆವು. ರಸ್ತೆ ತಿರುವು ಮುರುವಾಗಿ ಏರಿ ಇಳಿಯುತ್ತಿತ್ತು, ಎರಡೂ ಬದಿಯ ರಬ್ಬರು ಮರಗಳ ಕಾಂಡದಲ್ಲಿ ಹಾಲು ಇಳಿಯುವ ಚಿಪ್ಪುಗಳು ನೇತಾಡುತ್ತಿದ್ದವು. ಕಡಬದಲ್ಲಿ ಇಳಿದು ಆಟೋ ಹತ್ತಿದ ಮೇಲೆ ಚೇಚಿ ಕೇಳಿದರು, "ನಾನೂ ಆ ಪುಸ್ತಕ ಓದಿದ್ದೇನೆ, ಗೊತ್ತುಂಟಾ?"

"ಹೇಳಲೇ ಇಲ್ಲ ನೀವು!"

"ನನಗೆ ಅಳು ಬಂತು. ವರ್ಗೀಸ್ ಕುವೈತಿನಲ್ಲಿದ್ದಾಗ ನಾನೂ ಹಾಗೆಯೇ ಕೂತಿದ್ದೆ. ನಗು ಬರ್ತಿರಲಿಲ್ಲ ಮೋಳೇ. ಅವಳು ನಿನ್ನವಳಲ್ಲ ಅಂತ ನೀನು ಹೇಳಿದಿ. ನನ್ನವಳಿರಬಹುದು. ನಾನು ಅತ್ತದ್ದು ಸುಳ್ಳಾ?"

ಅಷ್ಟರಲ್ಲಿ ಮನೆ ಬಂತು. ಅಂಗಳದ ತಂತಿಯಲ್ಲಿ ರಬ್ಬರು ಶೀಟುಗಳು ಒಣಗುತ್ತಿದ್ದವು, ಅವುಗಳ ಹುಳಿ ವಾಸನೆ ಒಳಗಿನವರೆಗೂ ಬಂದಿತ್ತು. ಚೇಚಿಯ ಗಂಡ ವರ್ಗೀಸ್ ಚೇಟ್ಟನ್ ಕಪ್ಪ ಬೇಯಿಸಿ, ಬಂಗುಡೆಯ ಕೆಂಪು ಸಾರು ಮಾಡಿಟ್ಟಿದ್ದರು. ಕಪ್ಪ ಎಂದರೆ ಮರಗೆಣಸು. ಕುವೈತಿನಿಂದ ಬಂದ ಮೇಲೆ ಅಡುಗೆ ಅವರದ್ದೇ. ಊಟಕ್ಕೆ ಕೂತಾಗ ಉತ್ತರ ಹೇಳಿದೆ.

"ನೀವು ಅತ್ತದ್ದು ನಿಜ ಚೇಚಿ. ಅದು ಪುಸ್ತಕದ ಒಳ್ಳೆತನ, ನಾನು ಅದನ್ನು ಸಭೆಯಲ್ಲಿ ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು. ಆದರೆ ನಿಮ್ಮನ್ನು ವೇದಿಕೆಗೆ ಕರೆದು, ಇದು ನಿಮ್ಮದೇ ಕತೆ ಅಲ್ವಾ, ಹೌದು ಅಂತ ಹೇಳಿ, ಅಂತ ಯಾರೂ ಕೇಳಲಿಲ್ಲ. ನೀವಾಗಿಯೇ ಹೋಗಿ ಅವಳ ಪಕ್ಕ ಕೂತಿರಿ. ನನ್ನನ್ನು ಅಲ್ಲಿ ಕೂರಿಸಲು ನೋಡಿದರು."

ಚೇಚಿ ಮೀನಿನ ಮುಳ್ಳು ತೆಗೆಯುತ್ತಾ, "ಅದು ಸರಿ" ಎಂದರು. ನನ್ನ ಬಟ್ಟಲಿಗೆ ಇನ್ನೊಂದು ಬಂಗುಡೆ ಹಾಕಿ, "ಆದರೂ ಅವಳು ಪಾಪ" ಎಂದರು. ಅವರು ತಮ್ಮ ಮಾತು ಬಿಡಲಿಲ್ಲ, ನಾನೂ ನನ್ನದನ್ನು ಬಿಡಲಿಲ್ಲ. ಊಟ ಮಾತ್ರ ಚೆನ್ನಾಗಿ ಆಯಿತು.

ಬೆಳಿಗ್ಗೆ ಚೇಟ್ಟನ್ ಪೇಟೆಯಿಂದ ಪತ್ರಿಕೆ ತಂದು ನನ್ನ ಮುಂದಿಟ್ಟರು. ಒಳಪುಟದ ಮೂಲೆಯಲ್ಲಿ ಸುಳ್ಯದ ಸಭೆಯ ಸುದ್ದಿ ಇತ್ತು. 'ಮುಸ್ಲಿಂ ಮಹಿಳೆಯ ಮೂಕವೇದನೆಗೆ ಈ ಕಾದಂಬರಿ ಕನ್ನಡಿ: ನಫೀಸಾ ಕಬಕ.' ಮೂರು ಸಲ ಓದಿದೆ. ಚೇಚಿ ನನ್ನ ಭುಜದ ಮೇಲಿಂದ ಬಗ್ಗಿ ನಿಧಾನವಾಗಿ ಅಕ್ಷರ ಕೂಡಿಸಿ ಓದಿದರು. ನಿನ್ನೆ ಆ ಹೆಂಗಸಿನ ಪರ ವಾದಿಸಿದ ಅವರೇ, "ಇದು ಅನ್ಯಾಯ! ನಾನು ಕೇಳಿದ್ದೇನಲ್ಲ, ನೀನು ಹೇಳಿದ್ದು ಇದಲ್ಲ!" ಎಂದು ಸಿಟ್ಟಾದರು. ಹೊರಡುವಾಗ ಒಳಗೆ ಹೋಗಿ ದಪ್ಪದೊಂದು ಪುಸ್ತಕ ತಂದು ಕೈಗೆ ಕೊಟ್ಟರು. ಮಲಯಾಳದಿಂದ ಕನ್ನಡಕ್ಕೆ ಬಂದ ಕಾದಂಬರಿ, ನಾಲ್ವರು ಹೆಂಗಸರು ಸೇರಿ ಬ್ಯಾಂಕು ದರೋಡೆ ಮಾಡುವುದು.

"ಓದು. ತಲೆಬಿಸಿ ಇಳಿಯಲಿ" ಎಂದರು.

ಹಿಂದಿರುಗುವಾಗ ಆಲಂಕಾರು, ಶಾಂತಿಮೊಗರು, ಸವಣೂರು ದಾರಿಯ ಬಸ್ಸು ಹಿಡಿದೆ. ಆಲಂಕಾರಿನಲ್ಲಿ ಕಿಟಕಿ ಬದಿಯ ಸೀಟು ಸಿಕ್ಕಿತು. ನಾಲ್ಕು ಹೆಂಗಸರು ತಿಜೋರಿಯ ಕೋಣೆಗೆ ಸುರಂಗ ತೋಡಲು ಶುರು ಮಾಡಿದ್ದರು, ಆದರೆ ನನ್ನ ಮನಸ್ಸು ಪತ್ರಿಕೆಯಲ್ಲೇ ಇತ್ತು. ಶಾಂತಿಮೊಗರಿನ ಸೇತುವೆಯ ಮೇಲೆ ಕುಮಾರಧಾರೆ ಕಾಣಿಸಿತು, ನೀರು ಇಳಿದು ಬಂಡೆಗಳು ಮೇಲೆದ್ದಿದ್ದವು. ಅಲ್ಲೇ ಮಾಸ್ತರರಿಗೆ ಫೋನ್ ಮಾಡಿದೆ.

"ಮಾಸ್ಟ್ರೆ, ನಾನು ಹೇಳದ್ದನ್ನು ನನ್ನ ಹೆಸರಲ್ಲಿ ಹಾಕಿದ್ದಾರೆ. ಯಾರು ಕೊಟ್ಟದ್ದು?"

"ಅಕ್ಕ, ತಪ್ಪು ತಿಳ್ಕೊಳ್ಳಬೇಡಿ. ಭಾನುವಾರ ತಡ ಆದರೆ ಪತ್ರಿಕೆಯವರು ಸುದ್ದಿ ತೆಗೊಳ್ಳುದಿಲ್ಲ. ಹಾಗಾಗಿ ನಾನು ಶನಿವಾರವೇ ಬರೆದು ಕಳಿಸಿದ್ದು."

"ನಾನು ಮಾತಾಡುವ ಮೊದಲೇ?"

"ನೀವು ಅದನ್ನೇ ಹೇಳ್ತೀರಿ ಅಂತ ಎಣಿಸಿದ್ದೆ."

ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅದರ ಹಿಂದೆಯೇ ನಗುವೂ ಬಂತು. ಬಸ್ಸಿನಲ್ಲಿದ್ದವರು ತಿರುಗಿ ನೋಡಿದರೂ ತಡೆಯಲಿಲ್ಲ.

"ಹಾಗಾದರೆ ಪೆನ್ನು ತೆಗೊಳ್ಳಿ ಮಾಸ್ಟ್ರೆ. ಮುಂದಿನ ತಿಂಗಳ ಸುದ್ದಿಯನ್ನು ಈಗಲೇ ಹೇಳ್ತೇನೆ, ತಡ ಆಗುದು ಬೇಡ."

"ಮುಂದಿನ ತಿಂಗಳೂ ಬರ್ತೀರಾ ನೀವು?"

"ನೀವು ಕರೆದರೂ ಬರ್ತೇನೆ, ಕರೆಯದಿದ್ದರೂ ಬರ್ತೇನೆ. ಓದುಗರ ಕೂಟ ಅಲ್ವಾ, ನಾನು ಓದುವವಳು. ಬರ್ಕೊಳ್ಳಿ: 'ಕಬಕದ ನಫೀಸಾ ಅವರು ಬ್ಯಾಂಕು ದರೋಡೆಯ ಕುರಿತು ಸವಿವರವಾಗಿ ಮಾತನಾಡಿದರು.'"

"ದರೋಡೆಯಾ ಅಕ್ಕ?" ಮಾಸ್ತರರ ದನಿ ಸಣ್ಣದಾಯಿತು.

"ದರೋಡೆ. 'ಸವಿವರವಾಗಿ' ಅನ್ನುದನ್ನು ಬಿಡಬೇಡಿ."

ಫೋನಿನಲ್ಲಿ ಡ್ರಾಯರು ಎಳೆದ ಸದ್ದು, ಆಮೇಲೆ ಕಾಗದ ಮಗುಚಿದ ಸದ್ದು ನನಗೆ ಸರಿಯಾಗಿಯೇ ಕೇಳಿಸಿತು. ಸೇತುವೆ ಹಿಂದೆ ಸರಿಯಿತು. ನಾನು ಸುರಂಗಕ್ಕೆ ಮರಳಿದೆ. ಪುತ್ತೂರು ಬಂದದ್ದು ತಿಳಿಯಲಿಲ್ಲ, ಕಂಡಕ್ಟರು ಬಂದು ಎಬ್ಬಿಸಿದಂತೆ ಕರೆದು ಇಳಿಸಬೇಕಾಯಿತು.