ಬೇರಿಗೆ ರಾಯಿಸ್, ತೊಗಟೆಗೆ ಕೋರ್ತೇಸಾ

ಇಂಡಿ ತಾಲ್ಲೂಕಿನ ನಮ್ಮ ನಿಂಬೆ ತೋಟಕ್ಕೆ ರೋಗ ಬಿದ್ದದ್ದು ನಾನು ವಿಜ್ಞಾನ ಶಿಕ್ಷಕನಾಗಿ ನಿವೃತ್ತನಾದ ಮರುವರ್ಷ, ಎರಡು ಸಾವಿರದ ಇಸವಿಯ ಆಚೀಚೆ. ಬುಡದ ತೊಗಟೆ ಸೀಳಿ ಕಂದು ಅಂಟು ಸುರಿಯುತ್ತಿತ್ತು. ಅಗೆದರೆ ಬೇರು ಕೊಳೆತು ನಾರುತ್ತಿತ್ತು. ಅಪ್ಪ ನೆಟ್ಟ ಗಿಡಗಳು. ನೋಡಿಕೊಳ್ಳುತ್ತಿದ್ದವನು ನನ್ನ ತಮ್ಮ.

ಸ್ಪೇನ್ ದೇಶದಿಂದ ನಿಂಬೆಯ ರೋಗಗಳನ್ನು ಬಲ್ಲ ತಜ್ಞೆಯೊಬ್ಬರು ಬಂದು ನಮ್ಮ ತೋಟದಲ್ಲಿ ಅರ್ಧ ಗಂಟೆ ಇರುವರೆಂದು ಊರಿನ ಮುಖಂಡರು ತಿಳಿಸಿದರು. ಜೊತೆಗೆ ಬರುವ ದುಭಾಷಿಗೆ ಗಿಡಗಳ ಗಂಧವೇ ಇಲ್ಲವೆಂದು ಕೇಳಿ, ನಾನು ಮುದ್ದೇಬಿಹಾಳದ ಕಾಲೇಜೊಂದರ ಗ್ರಂಥಾಲಯಕ್ಕೆ ಮೂರು ಸಲ ಬಸ್ಸಿನಲ್ಲಿ ಹೋಗಿ, ಹಳೆಯ ನಿಘಂಟಿನಿಂದ ಗಿಡದ ಭಾಗಗಳ ಸ್ಪ್ಯಾನಿಷ್ ಹೆಸರುಗಳನ್ನು ಬರೆದುಕೊಂಡೆ. ಬೇರಿಗೆ ರಾಯಿಸ್, ಎಲೆಗೆ ಓಹಾ, ಮುಳ್ಳಿಗೆ ಎಸ್ಪೀನಾ, ತೊಗಟೆಗೆ ಕೋರ್ತೇಸಾ.

“ಈ ವಯಸ್ಸಿನ್ಯಾಗ ಯಾವ ದೇಶದಾಗ ಬೀಗತನ ಮಾಡಾಕ ಹೊಂಟೀರಿ ಗುರುಗಳ?” ಎಂದು ಗ್ರಂಥಪಾಲಕ ನಕ್ಕಿದ್ದು ನನಗೆ ನೆನಪಿದೆ.

ಭೇಟಿಯ ಹಿಂದಿನ ದಿನ ತೋಟಕ್ಕೆ ಹೋದೆ. ನನ್ನ ತಮ್ಮ ಒಣಗಿದ ಕೊಂಬೆಗಳನ್ನೆಲ್ಲ ಕಡಿಸಿ ಹಾಕಿದ್ದ. ಪ್ರತಿ ಬುಡಕ್ಕೂ ಮೊಣಕಾಲೆತ್ತರ ಸುಣ್ಣ, ಅದರ ಮೇಲೆ ಹುರಮಂಜಿನ ಕೆಂಪು ಪಟ್ಟಿ, ಹಬ್ಬಕ್ಕೆ ಗೋಡೆಗೆ ಬಳಿದಂತೆ. ಅಂಟು ಎಲ್ಲಿಯೂ ಕಾಣಲಿಲ್ಲ.

“ಏನ್ ಮಾಡಿದ್ಯೋ ಇದು?”

“ದೂರದ ಮಂದಿ ಬರ್ತಾರ್ರಿ ಅಣ್ಣಾರ. ರೋಗಿಷ್ಟ ಗಿಡಾ ತೋರ್ಸಿ ಮನಿ ಮಾನ ಕಳಕೋಬೇಕೇನ್ರಿ?”

“ಡಾಕ್ಟರ್ ಮುಂದ ಯಾರರೆ ಹುಣ್ಣು ಮುಚ್ಚತಾರೇನೋ ಹುಚ್ಚಾ?”

ಅವನು ಬ್ರಷ್ಷನ್ನು ಮತ್ತೆ ಸುಣ್ಣದ ಬಕೆಟ್ಟಿನಲ್ಲಿ ಅದ್ದಿದ.

ಮರುದಿನ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಹಾರ, ಶಾಲು ಮತ್ತು ಮುಖಂಡರ ಭಾಷಣಕ್ಕೆ ಹೋಯಿತು. ನನಗೆ ಕುರ್ಚಿ ಹಾಕಿರಲಿಲ್ಲ. ತಜ್ಞೆ ಸಾಲುಗಳ ನಡುವೆ ನಡೆಯತೊಡಗಿದಾಗ ನಾನು ಕುಡಗೋಲಿನಿಂದ ಒಂದು ಬುಡದ ಸುಣ್ಣ ಕೆರೆಯಲು ಬಾಗಿದೆ. ಮುಖಂಡರು ನನ್ನ ರಟ್ಟೆ ಹಿಡಿದು ಎಬ್ಬಿಸಿದರು.

“ಬಾಜೂ ಸರೀರಿ ಮಾಸ್ತರ, ಫೋಟೋಕ್ಕ ಅಡ್ಡ ಆಗಾಕತ್ತೀರಿ.”

ನಾನು ಬುಡಕ್ಕೆ ಬೆರಳು ತೋರಿಸಿ “ಕೋರ್ತೇಸಾ! ರಾಯಿಸ್!” ಎಂದು ಕೂಗಿದೆ. ಆಕೆ ಥಟ್ಟನೆ ತಿರುಗಿದರು. ಮುಖ ಅರಳಿತು. ನನ್ನ ಉಚ್ಚಾರಣೆಯನ್ನು ತಿದ್ದಿ ಹೇಳಿ, ಕೈ ಕುಲುಕಿ, ಚಪ್ಪಾಳೆ ತಟ್ಟಿದರು. ನೆರೆದವರೆಲ್ಲ ತಟ್ಟಿದರು. ಮುದುಕನೊಬ್ಬ ತಮ್ಮ ಭಾಷೆಯಲ್ಲಿ ಸ್ವಾಗತ ಕೋರಿದನೆಂದು ಆಕೆ ತಿಳಿದಿದ್ದರು. ಕೊಳೆತಿದೆ ಎನ್ನುವ ಶಬ್ದವನ್ನು ನಾನು ಬರೆದುಕೊಂಡಿರಲಿಲ್ಲ. ಭಾಗಗಳ ಹೆಸರನ್ನಷ್ಟೇ ಕಲಿತಿದ್ದೆ. ದುಭಾಷಿ ಅಷ್ಟರಲ್ಲಿ ಎಳನೀರಿನ ಕಡೆಗೆ ಹೋಗಿದ್ದ. ಅರ್ಧ ಗಂಟೆ ಮುಗಿದು ಅವರ ಜೀಪು ಸಿಂದಗಿಯ ದಾರಿ ಹಿಡಿಯಿತು.

ಎರಡು ವರ್ಷದೊಳಗೆ ತೋಟ ಒಣಗಿತು. ಕೊನೆಯ ಸಾಲನ್ನು ಕಡಿಸುವ ದಿನ ನನ್ನ ತಮ್ಮ ಆಳುಗಳ ಎದುರಿಗೇ ನನಗೆ ಅಂದ:

“ಆಕಿ ಭಾಷಾ ಬರ್ತದಂತಿದ್ರಿ. ಆವತ್ತ ಬಾಯಿ ಬಿಟ್ಟು ಹೇಳಿದ್ರ ಗಿಡಾ ಉಳೀತಿದ್ದೂ.”

ನಾನು ಕೊಡೆ ಎತ್ತಿಕೊಂಡು ಬಸ್ಸಿನ ರಸ್ತೆಗೆ ನಡೆದೆ. ಆ ಹೊಲಕ್ಕೆ ಮತ್ತೆ ಹೋಗಿಲ್ಲ.