ಹಸಿದು ಹೊರಡುವ ಹಕ್ಕಿ

ಆ ಗಿಡುಗದ ಬಾಲ ಇಟ್ಟಿಗೆಯ ಕೆಂಪು ಎಂದು ಬಹಳ ವರ್ಷ ಎಲ್ಲರಿಗೂ ಹೇಳುತ್ತಿದ್ದೆ. ಹಾಗಿರಲು ಸಾಧ್ಯವೇ ಇಲ್ಲ. ಕೆಂಪು ಬಾಲದ ಗಿಡುಗ ಎಂಬ ಜಾತಿಗೂ ಮೊದಲ ವರ್ಷ ಬಾಲ ಕಂದು, ಮೇಲೆ ಅಡ್ಡಪಟ್ಟೆ. ಕೆಂಪು ಬರುವುದು ಮರುವರ್ಷ, ಹಳೆಯ ಗರಿ ಉದುರಿ ಹೊಸದು ಹುಟ್ಟಿದ ಮೇಲೆ. ನನ್ನ ಹತ್ತಿರ ಇದ್ದದ್ದು ಮೊದಲ ವರ್ಷದ ಹಕ್ಕಿ, ಅದೂ ಒಂದೇ ಚಳಿಗಾಲ. ಅಂದರೆ ಬಾಲಕ್ಕೆ ಬಣ್ಣ ಬಳಿದವಳು ನಾನೇ. ಉಳಿದದ್ದನ್ನು ಎಷ್ಟು ನಂಬಬೇಕೋ ತಿಳಿಯದು. ಇದೆಲ್ಲ, ಎರಡು ಸಾವಿರದ ಇಸವಿ ಬಂದೊಡನೆ ಕಂಪ್ಯೂಟರುಗಳು ಕೈಕೊಡುತ್ತವೆ ಎಂಬ ವೈಟೂಕೆ ಗಲಾಟೆಗೆ ಮುಂಚೆ ಎಂದು ನಾನು, ಅದು ಮುಗಿದ ಮೇಲೆ ಎಂದು ನನ್ನ ಗಂಡ. ಡೈರಿ ತೆಗೆದರೆ ಆ ತಿಂಗಳುಗಳಲ್ಲಿ ಹವಾಮಾನ ಬಿಟ್ಟು ಏನೂ ಇಲ್ಲ. ಗಾಳಿ, ಸ್ನೋ, ಮತ್ತೆ ಗಾಳಿ.

ಆಗ ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ ಒಂದು ಟೆಲಿಕಾಂ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಪಾರ್ಕಿಂಗ್ ಲಾಟಿನ ದೀಪದ ಕಂಬದ ಮೇಲೆ ಒಂದು ಗಿಡುಗ ಕೂತಿರುತ್ತಿತ್ತು. ಲಂಚ್ ಹೊತ್ತಿನಲ್ಲಿ ಎಲ್ಲರೂ ಸ್ಟಾಕ್ ಆಪ್ಷನ್ ಮಾತಾಡುವಾಗ ನಾನು ಕಿಟಕಿಯಿಂದ ಅದನ್ನು ನೋಡುತ್ತಿದ್ದೆ. ಗಿಡುಗ ಪಳಗಿಸಿ ಬೇಟೆಗೆ ಬಿಡುವ ವಿದ್ಯೆ ಇನ್ನೂ ಬದುಕಿದೆ, ಅದಕ್ಕೆ ಪರೀಕ್ಷೆ, ಪರ್ಮಿಟ್ ಎಲ್ಲ ಇದೆ ಎಂದು ಹೇಳಿದವನು ನಮ್ಮ ಕಾರಿನ ಇನ್ಶೂರೆನ್ಸ್ ಏಜೆಂಟ್. ಅವನ ಮಣಿಕಟ್ಟಿನ ಗೀರುಗಳನ್ನು ನೋಡಿ ಬೆಕ್ಕು ಸಾಕಿದ್ದೀರಾ ಎಂದು ಕೇಳಿದ್ದೆ. ಮಾತು ಅಲ್ಲಿಂದ ಶುರುವಾಯಿತು.

ಹೊಸಬರು ಎರಡು ವರ್ಷ ಅನುಭವಸ್ಥನೊಬ್ಬನ ಕೈಕೆಳಗೆ ಕಲಿಯಬೇಕು. ಅಂಥವನನ್ನು ಸ್ಪಾನ್ಸರ್ ಎನ್ನುತ್ತಾರೆ. ನನ್ನ ಸ್ಪಾನ್ಸರ್ ಆಗಲು ಒಪ್ಪುವ ಮೊದಲು ಏಜೆಂಟ್ ಹಕ್ಕಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆ ನೀನು ಎಲ್ಲಿರುತ್ತೀ?" ಎಂದ. ಆಫೀಸಿನಲ್ಲಿ ಎಂದೆ. "ಹಾಗಾದರೆ ಗಿಳಿ ಸಾಕು."

ಅಲ್ಲಿ ಚಳಿಗಾಲದಲ್ಲಿ ನಾಲ್ಕೂವರೆಗೆಲ್ಲ ಕತ್ತಲು, ಹಕ್ಕಿ ಹಾರಿಸುವುದು ಅದಕ್ಕೆ ಮುಂಚೆ ಆಗಬೇಕು. ನಾನು ಮ್ಯಾನೇಜರನ್ನು ಕಾಡಿಬೇಡಿ ಬೆಳಗ್ಗೆ ಏಳಕ್ಕೆ ಹೋಗಿ ಮೂರಕ್ಕೆ ಹೊರಡುವ ಏರ್ಪಾಡು ಮಾಡಿಕೊಂಡೆ. ಹಿತ್ತಿಲಲ್ಲಿ ಗಂಡ ಮರದ ಗೂಡು ಕಟ್ಟಿದ. ಸರ್ಕಾರದ ಕಡೆಯವರು ಬಂದು ನೋಡಿ ಹೋದರು. ಐಸೆಲಿನ್ನಿನ ಇಂಡಿಯನ್ ಅಂಗಡಿಗಳಲ್ಲಿ ವಾರದ ಸಾಮಾನು ಮುಗಿಸಿ ನಮ್ಮಲ್ಲಿ ಕಾಫಿಗೆ ನಿಲ್ಲುತ್ತಿದ್ದ ಗೆಳೆಯನೊಬ್ಬನಿಗೆ ಇದಕ್ಕಿಂತ ದೊಡ್ಡ ತಮಾಷೆ ಇರಲಿಲ್ಲ.

"ಹದ್ದಿಗೂ ಸ್ಪಾನ್ಸರ್ ಬೇಕಂತೇನ್ರೀ? ಹೆಚ್-ಒನ್ ವೀಸಾ ಥರಾನೇ ಆಯ್ತಲ್ಲ."

"ಹದ್ದಿಗಲ್ಲ, ಇವಳಿಗೆ," ಎಂದ ನನ್ನ ಗಂಡ. "ಹದ್ದು ಸಿಟಿಜನ್ನು."

ಆ ಶರತ್ಕಾಲದಲ್ಲಿ ಸ್ಪಾನ್ಸರ್ ಜೊತೆ ಹೋಗಿ ಹೈವೇ ಪಕ್ಕದ ಬಯಲಿನಲ್ಲಿ ಎಳೆಯ ಗಿಡುಗವೊಂದನ್ನು ಹಿಡಿದು ತಂದೆ. ಗಾತ್ರ ನೋಡಿದರೆ ಹೆಣ್ಣು ಎಂದ ಅವನು. ಮೊದಲ ವಾರಗಳಲ್ಲಿ ಅದನ್ನು ಕೈಗವಸಿನ ಮೇಲೆ ಕೂರಿಸಿಕೊಂಡು ಸುಮ್ಮನೆ ಕೂರುವುದೇ ಕೆಲಸ. ಟೀವಿ ನೋಡಿದೆ, ಫೋನಿನಲ್ಲಿ ಮಾತಾಡಿದೆ, ಒಂದೇ ಕೈಯಲ್ಲಿ ಉಪ್ಪಿಟ್ಟು ತಿಂದೆ. ಕೊನೆಗೊಂದು ದಿನ ಅದು ನನ್ನ ಕೈಯ ಮೇಲೆಯೇ ಒಂದು ಕಾಲು ಮಡಿಸಿಕೊಂಡು ಮೈ ಉಬ್ಬಿಸಿ ನಿಂತಿತು. ಅಷ್ಟು ನೆಮ್ಮದಿ ನನ್ನನ್ನು ನೋಡಿ ಇನ್ಯಾರಿಗೂ ಆದಂತಿಲ್ಲ.

ಆಮೇಲೆ ಅದೇ ನನ್ನ ದಿನಚರಿ. ಮೂರಕ್ಕೆ ಹೊರಡು, ಹಕ್ಕಿಯನ್ನು ತೂಗು, ಬಯಲಿಗೆ ಡ್ರೈವ್ ಮಾಡು, ಬೆಳಕಿರುವಾಗ ಹಾರಿಸು, ಕರೆ. ಶನಿವಾರ, ಭಾನುವಾರ, ಹಬ್ಬ ಯಾವುದೂ ಇಲ್ಲ. ಕನ್ನಡದವರ ಪಾಟ್‌ಲಕ್ಕುಗಳಿಗೆ ಗಂಡ ಒಬ್ಬನೇ ಪುಳಿಯೋಗರೆ ಹೊತ್ತು ಹೋಗುತ್ತಿದ್ದ. ಮೊಟ್ಟೆಯನ್ನೂ ಮುಟ್ಟದ ನಾನು ಗರಾಜಿನಲ್ಲಿ ಬೇರೆ ಫ್ರೀಜರ್ ಇಟ್ಟು ಅದರ ತುಂಬ ಸತ್ತ ಇಲಿ ತುಂಬಿದ್ದೆ. ಇದು ಯಾವ ಸೀಮೆಯ ಸಸ್ಯಾಹಾರ ಎಂದು ಆಗಲೂ ಕೇಳಿಕೊಂಡಿದ್ದೆ, ಈಗಲೂ ಕೇಳಿಕೊಳ್ಳುತ್ತೇನೆ.

ಬಿಟ್ಟ ಹಕ್ಕಿ ವಾಪಸ್ ಬರುವುದು ಪ್ರೀತಿಯಿಂದಲ್ಲ. ಸ್ಪಾನ್ಸರ್ ಇದನ್ನು ಮೊದಲೇ ಹೇಳಿದ್ದ. ಅದು ಬರುವುದು ಹಸಿವಿನಿಂದ. ಜಾಸ್ತಿ ಹಸಿದರೆ ಸೊರಗುತ್ತದೆ. ಹೊಟ್ಟೆ ತುಂಬಿದ್ದರೆ ನಿನ್ನ ಹಂಗು ಅದಕ್ಕಿಲ್ಲ. ಈ ಎರಡರ ನಡುವಿನ ತೂಕ ಹಿಡಿಯುವುದೇ ವಿದ್ಯೆ, ದಿನವೂ ತೂಗದೆ ಬಿಡಬೇಡ ಎಂದಿದ್ದ. ಬಿಟ್ಟಾಗಲೆಲ್ಲ ಅದು ಹೋಗಿಬಿಡಬಹುದು. ಒಂದು ಸಲ ಹೋದರೆ ನನ್ನ ಚಳಿಗಾಲ ಅಲ್ಲಿಗೆ ಮುಗಿಯಿತು. ಕೈಯೆತ್ತಿ ಸಿಳ್ಳೆ ಹಾಕಿದಾಗ, ಅದು ಕೊಂಬೆ ಬಿಟ್ಟು ನನ್ನತ್ತ ವಾಲುವವರೆಗೆ ನಾನು ಉಸಿರಾಡುತ್ತಿರಲಿಲ್ಲ.

ಅಷ್ಟರಲ್ಲಿ ಮೈಸೂರಿನಿಂದ ನನ್ನ ಅತ್ತೆ, ಗಂಡನ ತಾಯಿ, ಆರು ತಿಂಗಳಿಗೆಂದು ಬಂದರು. ಬಂದ ದಿನ ಗಿಡುಗಕ್ಕೆ ಕೈ ಮುಗಿದು ಗರುಡ ಎಂದರು. ಇಲಿ ತಿನ್ನುವುದನ್ನು ನೋಡಿದ ಮೇಲೆ "ನಿನ್ನ ಮಗಳು" ಎನ್ನತೊಡಗಿದರು. ಅವರಿಗೆ ಒಂದು ಕಟ್ಟುನಿಟ್ಟು ಇತ್ತು. ಮನೆಯಿಂದ ಯಾರೂ ಬರೀ ಹೊಟ್ಟೆಯಲ್ಲಿ ಹೊರಗೆ ಹೋಗಕೂಡದು. ಪೈಪು ರಿಪೇರಿಗೆ ಬಂದವನಿಗೂ ಎರಡು ಇಡ್ಲಿ ತಿನ್ನಿಸಿದ್ದರು.

"ಬೇಟೆಗೆ ಅಂತ ಕಳಿಸೋದು, ಉಪವಾಸ ಬೇರೆ ಹಾಕೋದು. ಎಲ್ಲಿಯ ನ್ಯಾಯಾನೇ ಇದು?"

"ತುಂಬ ತಿಂದ್ರೆ ವಾಪಸ್ ಬರಲ್ಲ ಅತ್ತೆ."

"ನನ್ನ ಮಗನಿಗೆ ಹೊಟ್ಟೆ ತುಂಬ ಹಾಕೇ ಕಳಿಸ್ತಿದ್ದೆ. ದಿನಾ ವಾಪಸ್ ಬರ್ತಿದ್ದ."

"ಅಮೆರಿಕಾಗೆ ಬಂದ್ನಲ್ಲ ಅತ್ತೆ."

"ಅದು ನೀನು ಕರ್ಕೊಂಡ್ ಬಂದಿದ್ದು," ಎಂದು ನಕ್ಕರು.

ಆದರೂ ನನಗೆ ಅವರಷ್ಟು ಒದಗಿದವರಿಲ್ಲ. ಗಂಡ ದಿನವೂ ಮ್ಯಾನ್‌ಹ್ಯಾಟನ್ನಿನ ಆಫೀಸಿಗೆ ಹೋಗಿಬರುತ್ತಿದ್ದ, ಕತ್ತಲಾದ ಮೇಲೆಯೇ ಮನೆ ಸೇರುತ್ತಿದ್ದ. ಅಲ್ಲಿಯವರೆಗೆ ಒಬ್ಬಳೇ ಹೇಗೋ ತೂಗುತ್ತಿದ್ದೆ, ಇಬ್ಬರಿದ್ದರೆ ಸಲೀಸು. ತಕ್ಕಡಿಗೆ ಜೋಡಿಸಿದ ಅಡ್ಡಕೋಲಿನ ಮೇಲೆ ಹಕ್ಕಿ ಕೂರುತ್ತಿತ್ತು, ಅದರ ಕಾಲಿನ ದಾರ ನನ್ನ ಕೈಯಲ್ಲಿ. ಮುಳ್ಳು ನೋಡಲು ನಾನು ಬಗ್ಗಿದರೆ ಅದು ಬೆದರುತ್ತಿತ್ತು. ಆದ್ದರಿಂದ ಮುಳ್ಳನ್ನು ಆ ಕಡೆ ತಿರುಗಿಸಿಟ್ಟು, ಅತ್ತೆ ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು, ಕನ್ನಡಕ ಏರಿಸಿ, ದೂರದಿಂದಲೇ ಓದಿ ಹೇಳುತ್ತಿದ್ದರು.

ಆಗ ಮೈದುನನ ಮಗಳ ಮದುವೆ ನಿಶ್ಚಯವಾಯಿತು. ಅತ್ತೆ ಅದಕ್ಕೆ ವಾಪಸ್ ಹೊರಡುವವರಿದ್ದರು, ನಾವಿಬ್ಬರೂ ಜೊತೆಗೆ ಬರಬೇಕೆಂದು ಅವರ ಆಸೆ.

"ನಂಗೆ ಆಗಲ್ಲ ಅತ್ತೆ. ಇದನ್ನ ಯಾರು ನೋಡ್ಕೋತಾರೆ?"

"ಹಕ್ಕಿಗೋಸ್ಕರ ಮದುವೆ ಬಿಟ್ಟೋಳು ಅಂತ ಅಲ್ಲಿ ಹೇಳ್ಲಾ?"

"ಆಫೀಸಲ್ಲಿ ರಜ ಇಲ್ಲ ಅನ್ನಿ."

"ನಾನು ಸುಳ್ಳು ಹೇಳೋಳಲ್ಲ," ಎಂದರು. ಕೋಪ ಇತ್ತೋ ಇಲ್ಲವೋ ಗೊತ್ತಿಲ್ಲ. ರಾತ್ರಿ ಊಟಕ್ಕೆ ನನಗಿಷ್ಟವಾದ ಮಜ್ಜಿಗೆಹುಳಿ ಮಾಡಿದ್ದರು ಎಂದು ನೆನಪು. ಅದು ಬೇರೆ ದಿನವೂ ಇರಬಹುದು.

ಅದಾಗಿ ಒಂದು ವಾರದೊಳಗೆ ಇರಬೇಕು. ಗಾಳಿಯಿಲ್ಲದ, ತಿಳಿಯಾದ ಮಧ್ಯಾಹ್ನ. ತಕ್ಕಡಿಯ ಮೇಲೆ ಕೂರಿಸಿದೆ.

"ಎಷ್ಟಿದೆ ಅತ್ತೆ?"

"ನಿನ್ನೆ ಇದ್ದಷ್ಟೇ ಇದೆ ಕಣೇ."

ಇಬ್ಬರೂ ಹಕ್ಕಿಯೊಂದಿಗೆ ಬಯಲಿಗೆ ಹೋದೆವು. ಅತ್ತೆ ಹೀಟರ್ ಹಾಕಿಕೊಂಡು ಕಾರಿನಲ್ಲೇ ಕೂತರು. ಬಿಟ್ಟೊಡನೆ ಹಕ್ಕಿ ದೊಡ್ಡ ಓಕ್ ಮರದ ತುದಿಗೆ ಹೋಗಿ ಕೂತಿತು. ನಾನು ಕೈಗವಸಿನ ಮೇಲೆ ಮಾಂಸದ ತುಂಡು ಹಿಡಿದು ಸಿಳ್ಳೆ ಹಾಕಿದೆ. ಅದು ನನ್ನನ್ನು ನೋಡಿತು, ಮಾಂಸವನ್ನು ನೋಡಿತು, ಆಮೇಲೆ ಎದೆಯ ಗರಿ ತಿದ್ದಿಕೊಳ್ಳತೊಡಗಿತು. ಮದುವೆ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡವರ ಠೀವಿ. ಬುಡದಲ್ಲೇ ಅಳಿಲೊಂದು ಓಡಾಡಿತು. ಬಗ್ಗಿ ನೋಡಲೂ ಇಲ್ಲ. ನನ್ನ ಸಿಳ್ಳೆ ಒಣಗಿದಾಗ ಅತ್ತೆ ಕಾರಿನಿಂದಿಳಿದು ಬಂದು ನಿಂತು, "ಬಾರೇ, ಬಾ," ಎಂದು ಕರೆದರು. ಅವರ ದನಿಯೂ ನಡುಗುತ್ತಿತ್ತು. ಚಳಿಗೆ ಇರಬಹುದು.

ಬೆಳಕು ಹೋಯಿತು. ಮರುದಿನ ಬೆಳಗಾಗುವಾಗ ಹೋಗಿ ನೋಡಿದರೆ ಮರ ಖಾಲಿ. ಹಾರಿಸುವಾಗ ಅದರ ಕಾಲಿಗೆ ಕಟ್ಟುತ್ತಿದ್ದ ಗೆಜ್ಜೆಯ ಸದ್ದಿಗೆ ಕಿವಿಗೊಟ್ಟು ಊರೆಲ್ಲ ಸುತ್ತಿದೆ. ಫೋನಿನಲ್ಲಿ ಸ್ಪಾನ್ಸರ್ ಸಮಾಧಾನ ಹೇಳಿದ. ಅದಕ್ಕೆ ಬೇಟೆ ಬರುತ್ತದೆ, ಕಾಲಿನ ದಾರವನ್ನು ತಾನೇ ಕಿತ್ತುಕೊಳ್ಳುತ್ತದೆ, ಚೆನ್ನಾಗಿ ಬದುಕುತ್ತದೆ. "ಹೊಟ್ಟೆ ತುಂಬಿದ್ದಿರಬೇಕು. ತೂಗಿದ್ದೆ ತಾನೇ?" ಎಂದ. ತೂಗಿದ್ದೆ ಎಂದೆ.

ಮದುವೆಗೆ ಹೋದೆ. ರೇಷ್ಮೆ ಸೀರೆಯುಟ್ಟು, ಮಣಿಕಟ್ಟಿನ ಗೀರುಗಳ ಮೇಲೆ ಬಳೆ ಏರಿಸಿ ಓಡಾಡಿದೆ. ಸುಖವಾಗಿಯೂ ಇದ್ದೆ, ಅದನ್ನು ಮುಚ್ಚಿಡುವುದೇಕೆ. ವಾಪಸ್ ಬಂದ ಮೇಲೆ ಮತ್ತೊಂದು ಹಕ್ಕಿ ಹಿಡಿಯಲಿಲ್ಲ. ಮೂರು ಗಂಟೆಗೆ ಹೊರಡುವ ಅಭ್ಯಾಸ ಮಾತ್ರ ಕೆಲಸ ಬದಲಿಸುವವರೆಗೂ ಉಳಿಯಿತು.

ಆ ಮಧ್ಯಾಹ್ನ ಹಕ್ಕಿಯ ಗಂಟಲ ಕೆಳಗೆ, ತಿಂದದ್ದು ನಿಲ್ಲುವ ಜಾಗ ಉಬ್ಬಿತ್ತೇ ಎಂದು ಎಷ್ಟೋ ಸಲ ನೆನೆಸಿಕೊಳ್ಳಲು ನೋಡಿದ್ದೇನೆ. ಒಂದು ದಿನ ಉಬ್ಬಿತ್ತು ಎನಿಸುತ್ತದೆ, ಮರುದಿನ ಇಲ್ಲ. ಕೆಂಪು ಬಾಲ ಕಟ್ಟಿದ ತಲೆ ಇದು, ಏನನ್ನು ಬೇಕಾದರೂ ಕಟ್ಟಬಲ್ಲದು. ಮಾಂಸದ ಡಬ್ಬಿಯನ್ನೇ ಮುಟ್ಟದ ಅತ್ತೆ ಗೂಡಿನ ಬಾಗಿಲು ತೆಗೆದು ಅದಕ್ಕೆ ತಿನ್ನಿಸಿರಲಾರರು. ಆದರೆ ಅವರು ಯಾರನ್ನಾದರೂ ಹಸಿದು ಕಳಿಸಿದ್ದನ್ನೂ ನಾನು ಕಂಡಿಲ್ಲ. ಅತ್ತೆಗೆ ಈಗ ವಯಸ್ಸಾಗಿದೆ, ನೆನಪು ನನಗಿಂತ ಚುರುಕಾಗಿದೆ. ಹೋದ ಸಲ ಮೈಸೂರಿಗೆ ಹೋದಾಗ ಇಬ್ಬರೇ ಕೂತು ಹುರುಳಿಕಾಯಿ ನಾರು ಬಿಡಿಸುತ್ತಿದ್ದೆವು. ಕೇಳಿಯೇಬಿಟ್ಟೆ. ಅವರು ಕೈಯಲ್ಲಿದ್ದ ಕಾಯಿ ಮುರಿದರು, ಇನ್ನೊಂದು ತೆಗೆದುಕೊಂಡರು, ಅದನ್ನೂ ಮುರಿದರು. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಅವತ್ತು ತಕ್ಕಡೀಲಿ ನಿಜವಾಗ್ಲೂ ಎಷ್ಟಿತ್ತು?"